ಹಿರಿಯರು ಸೇವೆ ಸಲ್ಲಿಸಿದ ಸೇನಾ ನೆಲೆಗೆ ಹೋಗಿ ಬರುವುದು: ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಕುಟುಂಬಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಮಿಲಿಟರಿಗೆ ಹೋಗಿ ಬಂದವರ ಮನೆಗಳು ಬೇಕಾದಷ್ಟಿವೆ. ಆ ಮನೆಗಳ ಮಕ್ಕಳು, ಮೊಮ್ಮಕ್ಕಳು ತಮ್ಮ ಹಿರಿಯರು ತರಬೇತಿ ಪಡೆದ ಅಥವಾ ದುಡಿದ ಜಾಗವನ್ನು ಒಮ್ಮೆ ಕಣ್ಣಾರೆ ನೋಡಬೇಕೆಂದು ಹೊರಟಾಗ ಎದುರಾಗುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಕೊಡಲಾಗಿದೆ. ಸೇನಾ ನೆಲೆಯು ಟಿಕೆಟ್ ಕೊಂಡು ಒಳಗೆ ಹೋಗುವ ಜಾಗವಲ್ಲ. ಅಲ್ಲಿಗೆ ಹೋಗುವ ಮೊದಲು ಮನೆಯಲ್ಲಿ ಮಾಡಿಕೊಳ್ಳಬೇಕಾದ ಕೆಲಸವೇ ಹೆಚ್ಚಾಗಿರುವುದರಿಂದ ಉತ್ತರಗಳ ಅರ್ಧ ಭಾಗ ಅದಕ್ಕೇ ಮೀಸಲಾಗಿದೆ.

ನಮ್ಮ ಅಜ್ಜ ಮಿಲಿಟರಿಯಲ್ಲಿದ್ದರು ಎಂಬುದಷ್ಟೇ ಗೊತ್ತು. ಎಲ್ಲಿಂದ ಆರಂಭಿಸಬೇಕು?

ಮನೆಯ ಅಟ್ಟದ ಮೇಲಿರುವ ಟ್ರಂಕಿನಿಂದ ಆರಂಭಿಸಿ. ನಿವೃತ್ತಿಯಾಗಿ ಬಂದ ಪ್ರತಿಯೊಬ್ಬ ಸೈನಿಕರಿಗೂ ಡಿಸ್ಚಾರ್ಜ್ ಬುಕ್ ಕೊಟ್ಟಿರುತ್ತಾರೆ. ಅದರಲ್ಲಿ ಸೈನಿಕ ಸಂಖ್ಯೆ, ದರ್ಜೆ, ಸೇರಿದ ಮತ್ತು ಬಿಡುಗಡೆಯಾದ ದಿನಾಂಕ, ಯಾವ ರೆಜಿಮೆಂಟು ಅಥವಾ ಕೋರು, ಬಿಡುಗಡೆಯ ಕಾರಣ, ಪಡೆದ ಪದಕಗಳು ಮತ್ತು ಮನೆಯ ವಿಳಾಸ ಇರುತ್ತವೆ. ಇವುಗಳಲ್ಲಿ ಎಲ್ಲಕ್ಕಿಂತ ಮುಖ್ಯವಾದುದು ಸೈನಿಕ ಸಂಖ್ಯೆ. ಆ ಸಂಖ್ಯೆ ಕೈಯಲ್ಲಿದ್ದರೆ ಉಳಿದ ದಾರಿ ತಾನಾಗಿ ತೆರೆದುಕೊಳ್ಳುತ್ತದೆ; ಅದಿಲ್ಲದೆ ಹೆಸರೊಂದನ್ನೇ ಹಿಡಿದು ಹೋದರೆ, ಒಂದೇ ಹೆಸರಿನ ಎಷ್ಟೋ ಜನರ ನಡುವೆ ನಿಮ್ಮ ಅಜ್ಜನನ್ನು ಹುಡುಕಿಕೊಡುವುದು ಯಾವ ಕಚೇರಿಗೂ ಸುಲಭವಲ್ಲ. ಪಿಂಚಣಿ ಬರುತ್ತಿದ್ದ ಮನೆಯಾದರೆ ಪಿಂಚಣಿ ಆದೇಶದ ಪ್ರತಿಯಲ್ಲಿಯೂ ಈ ಸಂಖ್ಯೆ ಸಿಗುತ್ತದೆ.

ಸಂಖ್ಯೆಯ ಮೊದಲಿಗೆ ಬರುವ ಅಕ್ಷರಗಳನ್ನೂ ಗಮನಿಸಿ. ಐಸಿ ಎಂದಿದ್ದರೆ ಅವರು ಕಾಯಂ ಕಮಿಷನ್ ಪಡೆದ ಅಧಿಕಾರಿ, ಎಸ್‌ಎಸ್ ಎಂದಿದ್ದರೆ ಶಾರ್ಟ್ ಸರ್ವಿಸ್ ಅಧಿಕಾರಿ, ಜೆಸಿ ಎಂದಿದ್ದರೆ ಜೂನಿಯರ್ ಕಮಿಷನ್ಡ್ ಅಧಿಕಾರಿ, ಅಂದರೆ ನಾಯಬ್ ಸುಬೇದಾರ್, ಸುಬೇದಾರ್ ಅಥವಾ ಸುಬೇದಾರ್ ಮೇಜರ್. ಅತ್ಯಂತ ಕೆಳಗಿನ ದರ್ಜೆಯ ಹೆಸರೂ ಪಡೆಯನ್ನು ಹೇಳಿಬಿಡುತ್ತದೆ: ಕಾಲಾಳು ಪಡೆಯಲ್ಲಿ ಸಿಪಾಯಿ, ಎಂಜಿನಿಯರ್ ಪಡೆಯಲ್ಲಿ ಸ್ಯಾಪರ್, ಫಿರಂಗಿ ದಳದಲ್ಲಿ ಗನ್ನರ್, ಸಂಪರ್ಕ ವ್ಯವಸ್ಥೆ ನೋಡಿಕೊಳ್ಳುವ ಸಿಗ್ನಲ್ಸ್‌ನಲ್ಲಿ ಸಿಗ್ನಲ್‌ಮನ್, ಯಂತ್ರ, ವಾಹನಗಳ ದುರಸ್ತಿ ನೋಡಿಕೊಳ್ಳುವ ಇಎಂಇಯಲ್ಲಿ ಕ್ರಾಫ್ಟ್ಸ್‌ಮನ್, ಅಶ್ವದಳ ಮತ್ತು ಟ್ಯಾಂಕ್ ದಳದಲ್ಲಿ ಸವಾರ.

ದಾಖಲೆಯಲ್ಲಿರುವ ಊರು, ಜಿಲ್ಲೆಯ ಹೆಸರು ನಮ್ಮದಕ್ಕೆ ಹೊಂದುವುದಿಲ್ಲ. ಅದು ನಮ್ಮವರದೇ ದಾಖಲೆ ಹೌದೇ?

ಹೌದಾಗಿರುವ ಸಾಧ್ಯತೆ ಹೆಚ್ಚು. ಈಗಿನ ಚಿಕ್ಕಮಗಳೂರು ಜಿಲ್ಲೆಯು 1947ರವರೆಗೆ ಕಡೂರು ಜಿಲ್ಲೆ ಎಂದೇ ಕರೆಯಲ್ಪಡುತ್ತಿತ್ತು. ಸಕಲೇಶಪುರ ಭಾಗ ಹಳೆಯ ಕಾಗದಗಳಲ್ಲಿ ಮಂಜರಾಬಾದ್ ತಾಲ್ಲೂಕು ಎಂದಿರುತ್ತದೆ, ನರಸಿಂಹರಾಜಪುರ ಇನ್ನೂ ಹಳೆಯ ಕಾಗದಗಳಲ್ಲಿ ಯಡೇಹಳ್ಳಿ ಎಂದಿರುತ್ತದೆ. ಸೇನೆಯ ದಾಖಲೆಗಳಲ್ಲಿ ಹತ್ತಿರದ ರೈಲು ನಿಲ್ದಾಣವನ್ನೂ ಬರೆದುಕೊಳ್ಳುವ ಪದ್ಧತಿಯಿದೆ. ಮಲೆನಾಡಿನ ಒಳಗಿನವರ ಹೆಸರಿನ ಮುಂದೆ ಬೀರೂರು, ಕಡೂರು, ತರೀಕೆರೆ ಅಥವಾ ಅರಸೀಕೆರೆ ಎಂದು ಕಂಡರೆ ಗಾಬರಿಯಾಗಬೇಕಿಲ್ಲ. ರಜೆಗೆ ಬರುವಾಗ ಅವರು ಇಳಿಯುತ್ತಿದ್ದುದು ಅಲ್ಲೇ. ಹೆಸರಿನ ಕಾಗುಣಿತವಂತೂ ಭರ್ತಿ ಮಾಡಿಕೊಂಡ ಗುಮಾಸ್ತರ ಕಿವಿಗೆ ಬಿದ್ದಂತೆ ಇರುತ್ತದೆ. ಗೌಡ, ಶೆಟ್ಟಿ, ನಾಯ್ಕ ಎಂಬ ಕೊನೆಯ ಭಾಗ ಬಿಟ್ಟುಹೋಗಿರಬಹುದು, ತಂದೆಯ ಹೆಸರು ಇವರ ಹೆಸರಿನೊಂದಿಗೆ ಸೇರಿಕೊಂಡಿರಬಹುದು. ತಂದೆಯ ಹೆಸರು, ಹಳ್ಳಿ, ಸೇರಿದ ವರ್ಷ ಈ ಮೂರೂ ಹೊಂದಿದರೆ ಅನುಮಾನಪಡುವ ಅಗತ್ಯವಿಲ್ಲ.

ಪದಕಗಳು ಮಾತ್ರ ಉಳಿದಿವೆ. ಅವುಗಳಿಂದ ಏನಾದರೂ ತಿಳಿಯುತ್ತದೆಯೇ?

ಬಹಳ ತಿಳಿಯುತ್ತದೆ. ಪದಕದ ಮುಖವನ್ನು ನೋಡಿ ಅಷ್ಟಕ್ಕೇ ಬಿಡಬೇಡಿ, ಅದರ ಅಂಚನ್ನು ನೋಡಿ. ಸ್ವತಂತ್ರ ಭಾರತದ ದುಂಡನೆಯ ಪದಕಗಳ ಅಂಚಿನ ಸುತ್ತ ಸೈನಿಕ ಸಂಖ್ಯೆ, ದರ್ಜೆ, ಹೆಸರು ಮತ್ತು ಪಡೆಯ ಸಂಕ್ಷಿಪ್ತ ಹೆಸರನ್ನು ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಕೆತ್ತಿರುತ್ತಾರೆ. ಕಿಲುಬು ಹಿಡಿದಿದ್ದರೆ ಹುಣಸೆಹಣ್ಣು ಹಾಕಿ ಉಜ್ಜುವ ಅಭ್ಯಾಸ ನಮ್ಮ ಮನೆಗಳಲ್ಲಿದೆ, ದಯವಿಟ್ಟು ಹಾಗೆ ಮಾಡಬೇಡಿ, ಕೆತ್ತನೆ ಸವೆದುಹೋಗುತ್ತದೆ. ಒಣ ಬಟ್ಟೆಯಲ್ಲಿ ಒರೆಸಿ, ಬೆಳಗಿನ ಓರೆಬಿಸಿಲಿಗೆ ಅಂಚನ್ನು ಹಿಡಿದು, ನಿಧಾನವಾಗಿ ತಿರುಗಿಸುತ್ತ ಮೊಬೈಲಿನಲ್ಲಿ ಹತ್ತಿರದಿಂದ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ. ಬರಿಗಣ್ಣಿಗೆ ಗೀರಿನಂತೆ ಕಂಡದ್ದು ಅಂಕಿಯಾಗಿ ಓದಲು ಸಿಗುತ್ತದೆ.

ಪದಕದ ಹೆಸರಿನಿಂದ ಕಾಲ ಮತ್ತು ಸ್ಥಳ ಗೊತ್ತಾಗುತ್ತವೆ. 1965ರ ಯುದ್ಧಕಾಲದಲ್ಲಿ ಸೇವೆಯಲ್ಲಿದ್ದವರಿಗೆ ರಕ್ಷಾ ಪದಕವೂ, ಯುದ್ಧ ನಡೆದ ಪ್ರದೇಶದಲ್ಲಿದ್ದವರಿಗೆ ಸಮರ ಸೇವಾ ಸ್ಟಾರ್ ಎಂಬ ನಕ್ಷತ್ರಾಕಾರದ ಪದಕವೂ ಸಿಕ್ಕಿವೆ. 1971ರಲ್ಲಿ ಸೇವೆಯಲ್ಲಿದ್ದವರಿಗೆ ಸಂಗ್ರಾಮ ಪದಕ, ಪೂರ್ವ ರಣರಂಗದಲ್ಲಿದ್ದವರಿಗೆ ಪೂರ್ವಿ ಸ್ಟಾರ್, ಪಶ್ಚಿಮದಲ್ಲಿದ್ದವರಿಗೆ ಪಶ್ಚಿಮಿ ಸ್ಟಾರ್. ಹೀಗಾಗಿ ಅಜ್ಜ ಬಾಂಗ್ಲಾದೇಶದ ಕಡೆ ಇದ್ದರೋ ಪಂಜಾಬು, ರಾಜಸ್ಥಾನದ ಕಡೆ ಇದ್ದರೋ ಎಂಬ ಮನೆಯ ಹಳೆಯ ವಾದವನ್ನು ಒಂದು ನಕ್ಷತ್ರ ತೀರ್ಮಾನಿಸಿಬಿಡುತ್ತದೆ. ಸೈನ್ಯ ಸೇವಾ ಪದಕದ ರಿಬ್ಬನ್ನಿಗೆ ಅಡ್ಡಲಾಗಿ ಒಂದು ಲೋಹದ ಪಟ್ಟಿ ಇದ್ದು, ಅದರ ಮೇಲೆ ಜಮ್ಮು ಕಾಶ್ಮೀರ, ನೇಫಾ (ಈಗಿನ ಅರುಣಾಚಲ), ಹಿಮಾಲಯ ಮುಂತಾದ ಪ್ರದೇಶದ ಹೆಸರು ಹಿಂದಿಯಲ್ಲಿರುತ್ತದೆ. ರಿಬ್ಬನ್ ಹರಿದುಹೋದಾಗ ಜನ ಎಸೆದುಬಿಡುವುದು ಸಾಮಾನ್ಯವಾಗಿ ಈ ಪಟ್ಟಿಯನ್ನೇ.

ಹಳೆಯ ಇನ್‌ಲ್ಯಾಂಡ್ ಪತ್ರಗಳಲ್ಲಿ ಊರಿನ ಹೆಸರೇ ಇಲ್ಲ, 56 ಎಪಿಒ ಅಥವಾ 99 ಎಪಿಒ ಎಂದಿದೆ. ಅದು ಯಾವ ಊರು?

ಅದು ಊರಲ್ಲ. ಸೈನಿಕರು ಎಲ್ಲಿದ್ದಾರೆಂಬುದು ವಿಳಾಸದಿಂದ ತಿಳಿಯಬಾರದೆಂದೇ ಮಾಡಿದ ಸೇನಾ ಅಂಚೆಯ ಏರ್ಪಾಡು ಅದು. 56 ಎಪಿಒ ದೆಹಲಿಯ ಮೂಲಕವೂ, 99 ಎಪಿಒ ಕೋಲ್ಕತ್ತದ ಮೂಲಕವೂ ಕೆಲಸ ಮಾಡುತ್ತವೆ. ಹಾಗಾಗಿ 99 ಎಂದಿದ್ದರೆ ಅಜ್ಜ ಆಗ ಪೂರ್ವ ಭಾಗದಲ್ಲಿದ್ದರೆಂದು ಸ್ಥೂಲವಾಗಿ ತಿಳಿಯಬಹುದು, ಅದಕ್ಕಿಂತ ಹೆಚ್ಚಿಗೆ ಹೇಳಲಾಗದು. ಪತ್ರದ ಹಿಂಭಾಗದಲ್ಲಿ ಕಳುಹಿಸಿದವರ ವಿಳಾಸದಲ್ಲಿರುವ ಯೂನಿಟ್ಟಿನ ಹೆಸರೇ ನಿಮಗೆ ಬೇಕಾದುದು.

ಮನೆಯಲ್ಲಿ ಒಂದು ಕಾಗದವೂ ಉಳಿದಿಲ್ಲ. ಆಗ?

ಮೊದಲು ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಜಿಲ್ಲಾ ಮಟ್ಟದ ಕಚೇರಿಗೆ ಹೋಗಿ. ಮಾಜಿ ಸೈನಿಕರು ಅಲ್ಲಿ ಗುರುತಿನ ಚೀಟಿ ಮಾಡಿಸಿಕೊಂಡಿದ್ದರೆ ಅಥವಾ ಮಕ್ಕಳ ಓದಿಗೆ, ಮದುವೆಗೆ ನೆರವು ಪಡೆದಿದ್ದರೆ ಅವರ ಹೆಸರು ಅಲ್ಲಿನ ದಾಖಲೆಯಲ್ಲಿರುತ್ತದೆ. ಅಲ್ಲಿನ ಸಿಬ್ಬಂದಿಯಲ್ಲಿ ಅನೇಕರು ತಾವೇ ಮಾಜಿ ಸೈನಿಕರಾಗಿರುವುದರಿಂದ, ನೀವು ಅರ್ಧಂಬರ್ಧ ಹೇಳಿದ ಯೂನಿಟ್ಟಿನ ಹೆಸರನ್ನು ಅವರು ಸರಿಯಾಗಿ ಹಿಡಿಯಬಲ್ಲರು.

ಎರಡನೆಯ ಜಾಗ ಹೆಚ್ಚು ಜನರಿಗೆ ಹೊಳೆಯುವುದಿಲ್ಲ: ತಾಲ್ಲೂಕು ಕಚೇರಿ. ನಮ್ಮ ಜಿಲ್ಲೆಗಳಲ್ಲಿ ಮಾಜಿ ಸೈನಿಕರ ಕೋಟಾದಲ್ಲಿ ಜಮೀನು ಮಂಜೂರಾದವರು ಕಡಿಮೆಯಿಲ್ಲ. ಅಜ್ಜನಿಗೂ ಹಾಗೆ ದರಖಾಸ್ತಿನಲ್ಲಿ ಜಮೀನು ಬಂದಿದ್ದರೆ, ಆ ಮಂಜೂರಾತಿ ಕಡತದಲ್ಲಿ ಅವರು ಅರ್ಜಿಯೊಂದಿಗೆ ಲಗತ್ತಿಸಿದ ಡಿಸ್ಚಾರ್ಜ್ ಸರ್ಟಿಫಿಕೇಟಿನ ನಕಲು ಇರಬಹುದು. ಸಾಗುವಳಿ ಚೀಟಿಯ ಮೇಲಿರುವ ಆದೇಶ ಸಂಖ್ಯೆ ಮತ್ತು ದಿನಾಂಕ ಕೊಟ್ಟು ರೆಕಾರ್ಡ್ ರೂಮಿನಿಂದ ದೃಢೀಕೃತ ನಕಲಿಗೆ ಅರ್ಜಿ ಹಾಕಿ. ಟ್ರಂಕಿನಲ್ಲಿದ್ದ ಕಾಗದ ಗೆದ್ದಲು ಹಿಡಿದು ಹೋದ ಮನೆಗಳಿಗೆ ಇದಕ್ಕಿಂತ ಒಳ್ಳೆಯ ದಾರಿ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ.

ಅಜ್ಜ ಕೆಲಸ ಮಾಡಿದ ಜಾಗಕ್ಕೆ ಹೋಗಬೇಕೋ, ರೆಜಿಮೆಂಟಿನ ಸೆಂಟರಿಗೆ ಹೋಗಬೇಕೋ?

ಸೆಂಟರಿಗೆ, ಅಂದರೆ ರೆಜಿಮೆಂಟಿನ ತರಬೇತಿ ಕೇಂದ್ರಕ್ಕೆ. ಈ ಉತ್ತರವನ್ನು ಸ್ವಲ್ಪ ವಿವರಿಸಬೇಕಾಗುತ್ತದೆ, ಏಕೆಂದರೆ ಹೆಚ್ಚಿನ ಕುಟುಂಬಗಳು ಫೋಟೋದ ಹಿಂದೆ ಬರೆದ ಊರಿನ ಹೆಸರು ಹಿಡಿದು ಹೊರಟು, ಪಠಾಣಕೋಟೆಯೋ ಜೋಧಪುರವೋ ತಲುಪಿ, ಗೇಟಿನಿಂದಲೇ ಹಿಂದಿರುಗುತ್ತವೆ. ಬೆಟಾಲಿಯನ್ನು ಒಂದೇ ಕಡೆ ನೆಲೆಯೂರಿ ಇರುವುದಿಲ್ಲ. ಕೆಲವು ವರ್ಷ ಗಡಿಯಲ್ಲಿ, ಕೆಲವು ವರ್ಷ ಒಳನಾಡಿನಲ್ಲಿ ಎಂದು ಅದು ಬ್ಯಾರಕ್ಕು ಬಿಟ್ಟು ಬ್ಯಾರಕ್ಕಿಗೆ ಹೋಗುತ್ತಿರುತ್ತದೆ, ಬಿಟ್ಟುಹೋದ ಬ್ಯಾರಕ್ಕಿಗೆ ಬೇರೆ ಪಡೆ ಬಂದು ಇಳಿಯುತ್ತದೆ. 1970ರಲ್ಲಿ ಅಜ್ಜ ನಿಂತು ಫೋಟೋ ತೆಗೆಸಿಕೊಂಡ ಕಟ್ಟಡದಲ್ಲಿ ಇಂದು ಇರುವವರಿಗೆ ಅವರ ಹೆಸರಾಗಲಿ ಪಲ್ಟನ್ನಾಗಲಿ ಗೊತ್ತಿರುವುದಿಲ್ಲ, ನಿಮ್ಮನ್ನು ಒಳಗೆ ಬಿಡಲು ಅವರಿಗೆ ಕಾರಣವೂ ಇರುವುದಿಲ್ಲ.

ಸೆಂಟರಿನ ಮಾತು ಬೇರೆ. ಊರು ಬಿಟ್ಟ ಹುಡುಗ ಮೊದಲು ಬಂದು ಇಳಿದದ್ದು ಅಲ್ಲಿ, ತಲೆಗೂದಲು ತೆಗೆಸಿಕೊಂಡದ್ದು ಅಲ್ಲಿ, ತಿಂಗಳುಗಟ್ಟಲೆ ಪರೇಡ್ ಗ್ರೌಂಡಿನಲ್ಲಿ ಬೆವರು ಸುರಿಸಿ ಕಡೆಗೆ ಕಸಂ ಪರೇಡಿನಲ್ಲಿ ಪ್ರಮಾಣ ಮಾಡಿದ್ದೂ ಅಲ್ಲೇ. ರೆಜಿಮೆಂಟಿನ ಯುದ್ಧಸ್ಮಾರಕ, ಮ್ಯೂಸಿಯಂ ಸಾಮಾನ್ಯವಾಗಿ ಅಲ್ಲಿರುತ್ತವೆ. ಹಲವು ಪಡೆಗಳ ರೆಕಾರ್ಡ್ ಆಫೀಸು ಕೂಡ ಅದೇ ಆವರಣದಲ್ಲಿ ಅಥವಾ ಅದೇ ಊರಿನಲ್ಲಿರುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ತಮ್ಮ ರೆಜಿಮೆಂಟಿನ ಹಳೆಯ ಸೈನಿಕರ ಮನೆಯವರೆಂದರೆ ಅಲ್ಲಿನವರಿಗೆ ಸ್ವಂತದವರೆಂಬ ಭಾವನೆ ಇರುತ್ತದೆ.

ಯಾವ ಪಡೆಯ ಸೆಂಟರ್ ಎಲ್ಲಿದೆ?

ನಮ್ಮ ಕಡೆಯವರು ಹೆಚ್ಚಾಗಿ ಸೇರಿರುವ ಪಡೆಗಳನ್ನು ಮಾತ್ರ ಹೇಳುವುದಾದರೆ, 1758ರ ಇತಿಹಾಸವಿರುವ ಮದ್ರಾಸ್ ರೆಜಿಮೆಂಟಿನ ಸೆಂಟರ್ ನೀಲಗಿರಿಯ ವೆಲ್ಲಿಂಗ್ಟನ್‌ನಲ್ಲಿದೆ. 1780ರಿಂದ ಬಂದ ಮದ್ರಾಸ್ ಸ್ಯಾಪರ್ಸ್, ಅಂದರೆ ಎಂಇಜಿ ಸೆಂಟರ್, ಬೆಂಗಳೂರಿನ ಹಲಸೂರು ಕೆರೆಯ ಪಕ್ಕದಲ್ಲಿದೆ. ಸರಬರಾಜು ನೋಡಿಕೊಳ್ಳುವ ಎಎಸ್‌ಸಿ, ಮಿಲಿಟರಿ ಪೊಲೀಸ್, ಪಯೋನಿಯರ್ ಮತ್ತು ಪ್ಯಾರಾಶೂಟ್ ರೆಜಿಮೆಂಟುಗಳ ತರಬೇತಿ ಕೇಂದ್ರಗಳೂ ಬೆಂಗಳೂರಿನಲ್ಲಿವೆ. ಪ್ಯಾರಾಶೂಟ್ ರೆಜಿಮೆಂಟಿನ ಕೇಂದ್ರ ಮಾತ್ರ 1992ರಲ್ಲಿ ಆಗ್ರಾದಿಂದ ಇಲ್ಲಿಗೆ ಬಂದದ್ದು, ಅದಕ್ಕೆ ಮೊದಲು ಸೇರಿದವರ ನೆನಪು ಆಗ್ರಾದ್ದೇ ಆಗಿರುತ್ತದೆ. ಮರಾಠಾ ಲೈಟ್ ಇನ್‌ಫೆಂಟ್ರಿಯ ಸೆಂಟರ್ ಬೆಳಗಾವಿಯಲ್ಲಿ, ಫಿರಂಗಿ ದಳದ್ದು ನಾಸಿಕ್ ರೋಡ್ ಮತ್ತು ಹೈದರಾಬಾದಿನಲ್ಲಿ, ಇಎಂಇಯ ಮುಖ್ಯ ಸೆಂಟರ್ ಸಿಕಂದರಾಬಾದಿನಲ್ಲಿ, ಸಿಗ್ನಲ್ಸ್‌ನದು ಜಬಲ್ಪುರ ಮತ್ತು ಗೋವೆಯಲ್ಲಿ, ವೈದ್ಯಕೀಯ ಕೋರಿನದು ಲಖನೌನಲ್ಲಿದೆ. ನಿವೃತ್ತಿಯ ನಂತರ, ರಕ್ಷಣಾ ನೆಲೆಗಳ ಕಾವಲಿಗಿರುವ ಡಿಎಸ್‌ಸಿಗೆ ಮರುಸೇರ್ಪಡೆಯಾದವರಿಗೆ ಕಣ್ಣೂರಿನ ಸೆಂಟರ್ ಕೂಡ ಸೇರುತ್ತದೆ, ಅಂಥವರಿಗೆ ಎರಡು ಸೈನಿಕ ಸಂಖ್ಯೆಗಳು ಇರಬಹುದು.

ಮುತ್ತಜ್ಜ ಮೈಸೂರು ಮಹಾರಾಜರ ಸೈನ್ಯದಲ್ಲಿದ್ದರಂತೆ. ಅದಕ್ಕೆ ಈಗ ನೆಲೆ ಎಲ್ಲಿದೆ?

ಸಂಸ್ಥಾನದ ಸೈನ್ಯ ಸ್ವಾತಂತ್ರ್ಯದ ನಂತರ ಭಾರತೀಯ ಸೇನೆಯಲ್ಲಿ ಸೇರಿಹೋಯಿತು. ಮೈಸೂರು ಕಾಲಾಳು ಪಡೆಯ ಪರಂಪರೆ ಮದ್ರಾಸ್ ರೆಜಿಮೆಂಟಿನ 18ನೆಯ ಬೆಟಾಲಿಯನ್ನಿನಲ್ಲಿ ಮುಂದುವರಿದಿದೆ. ಅದರ ಹೆಸರಿನೊಂದಿಗೆ ಮೈಸೂರು ಎಂಬುದು ಸೇರಿಕೊಂಡೇ ಇದೆ. ಆದ್ದರಿಂದ ಅಂಥ ಮನೆಯವರಿಗೂ ವೆಲ್ಲಿಂಗ್ಟನ್ನೇ ಸರಿಯಾದ ಜಾಗ. ಕುದುರೆ ಸವಾರರ ಪಡೆಯಾದ ಮೈಸೂರು ಲ್ಯಾನ್ಸರ್ಸ್ ಮುಂದೆ ಇತರ ಸಂಸ್ಥಾನಗಳ ಅಶ್ವದಳಗಳೊಂದಿಗೆ ಸೇರಿ 61ನೆಯ ಕ್ಯಾವಲ್ರಿಯಾಯಿತು, ಅದರ ನೆಲೆ ಜೈಪುರ.

1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲಿನ ಹೈಫಾ ನಗರವನ್ನು ಜೋಧಪುರದ ಸವಾರರೊಂದಿಗೆ ಗೆದ್ದುಕೊಂಡವರು ಈ ಮೈಸೂರು ಲ್ಯಾನ್ಸರ್ಸ್. ದೆಹಲಿಯ ತೀನ್ ಮೂರ್ತಿಯಲ್ಲಿ ನಿಂತಿರುವ ಮೂರು ಸೈನಿಕರ ಪ್ರತಿಮೆಗಳು ಹೈದರಾಬಾದ್, ಜೋಧಪುರ, ಮೈಸೂರುಗಳ ಪಡೆಗಳಿಗೆ ಸಂದ ಗೌರವ. ಬೆಂಗಳೂರಿನ ಜೆ.ಸಿ. ನಗರದಲ್ಲಿಯೂ ಲ್ಯಾನ್ಸರ್ಸ್ ಸ್ಮಾರಕವಿದೆ. ಇವೆರಡನ್ನೂ ನೋಡಲು ಯಾರ ಅನುಮತಿಯೂ ಬೇಡ. ಸಂಸ್ಥಾನ ಕಾಲದ ಸೇನಾ ಇಲಾಖೆಯ ಕಡತಗಳಿಗಾಗಿ ಬೆಂಗಳೂರಿನ ಕರ್ನಾಟಕ ರಾಜ್ಯ ಪತ್ರಾಗಾರದಲ್ಲಿ ವಿಚಾರಿಸಬೇಕು. ಅಲ್ಲಿ ಒಬ್ಬ ಸಾಮಾನ್ಯ ಸವಾರನ ಹೆಸರು ಸಿಗುವುದು ಅದೃಷ್ಟವೇ ಸರಿ, ಪಡೆಯ ಚಲನವಲನ, ಸಂಬಳ, ಪಿಂಚಣಿಯ ವಿಚಾರ ಹುಡುಕುವವರಿಗೆ ಮಾತ್ರ ಅದು ದೊಡ್ಡ ಭಂಡಾರ.

ಸೇವಾ ದಾಖಲೆಯ ನಕಲು ಸಿಗುತ್ತದೆಯೇ?

ಭೂಸೇನೆಯಲ್ಲಿ ಪ್ರತಿ ರೆಜಿಮೆಂಟಿಗೂ ಕೋರಿಗೂ ಒಂದು ರೆಕಾರ್ಡ್ ಆಫೀಸ್ ಇದೆ. ಅಲ್ಲಿನ ಆಫೀಸರ್ ಇನ್ ಚಾರ್ಜ್, ರೆಕಾರ್ಡ್ಸ್ ಎಂಬವರ ಹೆಸರಿಗೆ ಪತ್ರ ಬರೆಯಬೇಕು. ವಾಯುಪಡೆಯ ಏರ್‌ಮನ್‌ಗಳ ದಾಖಲೆ ದೆಹಲಿಯ ಸುಬ್ರತೋ ಪಾರ್ಕಿನಲ್ಲಿರುವ ಏರ್ ಫೋರ್ಸ್ ರೆಕಾರ್ಡ್ ಆಫೀಸಿನಲ್ಲಿಯೂ, ನೌಕಾಪಡೆಯ ನಾವಿಕರದು ಮುಂಬೈಯ ಬ್ಯೂರೋ ಆಫ್ ಸೈಲರ್ಸ್‌ನಲ್ಲಿಯೂ ಇರುತ್ತವೆ.

ಒಂದು ಕಹಿ ಸಂಗತಿಯನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ಪಿಂಚಣಿಯಿಲ್ಲದೆ ಬಿಡುಗಡೆಯಾದವರ ಸೇವಾ ಕಡತಗಳನ್ನು 25 ವರ್ಷಗಳ ನಂತರ ನಾಶಪಡಿಸುವ ನಿಯಮವಿದೆ. ಎರಡನೆಯ ಮಹಾಯುದ್ಧ ಮುಗಿದೊಡನೆ ಮನೆಗೆ ಕಳುಹಿಸಲ್ಪಟ್ಟವರು, ಐದಾರು ವರ್ಷ ದುಡಿದು ತೋಟ ನೋಡಿಕೊಳ್ಳಲೆಂದು ಬಿಟ್ಟು ಬಂದವರು ಈ ಸಾಲಿಗೆ ಸೇರುತ್ತಾರೆ. ಹಾಗೆಂದು ಕೈಚೆಲ್ಲಬೇಕಿಲ್ಲ. ಲಾಂಗ್ ರೋಲ್ ಎಂಬ ದೊಡ್ಡ ರಿಜಿಸ್ಟರಿನಲ್ಲಿ ಪ್ರತಿಯೊಬ್ಬರ ಬಗ್ಗೆ ಒಂದು ಸಾಲಿನ ದಾಖಲೆ ಉಳಿದಿರುತ್ತದೆ. ಪತ್ರದಲ್ಲಿ ಲಾಂಗ್ ರೋಲಿನ ಹೆಸರು ಹೇಳಿಯೇ ಕೇಳಿ. ಸುಮ್ಮನೆ ದಾಖಲೆ ಕೊಡಿ ಎಂದರೆ, ನಾಶವಾಗಿದೆ ಎಂಬ ಒಂದು ಸಾಲಿನ ಉತ್ತರ ಬಂದು ವಿಷಯ ಅಲ್ಲಿಗೇ ಮುಗಿಯಬಹುದು.

ಮಾಜಿ ಸೈನಿಕರು ಬದುಕಿದ್ದರೆ ಅವರೇ ಸಹಿ ಮಾಡಲಿ, ಇಲ್ಲವಾದರೆ ಅಜ್ಜಿ ಸಹಿ ಮಾಡಲಿ. ಇಬ್ಬರೂ ಇಲ್ಲದಿದ್ದರೆ ಮರಣ ಪ್ರಮಾಣಪತ್ರದೊಂದಿಗೆ ನಾಡಕಚೇರಿಯಿಂದ ಪಡೆದ ವಂಶವೃಕ್ಷ ದೃಢೀಕರಣ ಪತ್ರವನ್ನು ಲಗತ್ತಿಸಿ. ಅದು ಕನ್ನಡದಲ್ಲಿರುವುದರಿಂದ ಒಂದು ಇಂಗ್ಲಿಷ್ ಅನುವಾದವನ್ನು ನೋಟರಿಯಿಂದ ದೃಢೀಕರಿಸಿ ಜೊತೆಗಿಡುವುದು ಕ್ಷೇಮ. ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಬಹುದು, 30 ದಿನಗಳಲ್ಲಿ ಉತ್ತರ ಬರಬೇಕು. ಆದರೆ ಮೊದಲ ಹೆಜ್ಜೆಯಾಗಿ ಅದನ್ನು ನಾನು ಹೇಳುವುದಿಲ್ಲ: ವೈಯಕ್ತಿಕ ಮಾಹಿತಿ ಎಂಬ ಕಾರಣ ಕೊಟ್ಟು ನಿರಾಕರಿಸಲು ಆ ಕಾಯ್ದೆಯಲ್ಲೇ ಅವಕಾಶವಿದೆ. ಮನೆಯವರೆಂದು ಹೇಳಿಕೊಂಡು ಬರೆದ ಸಾದಾ ಪತ್ರಕ್ಕೆ ಅನೇಕ ಬಾರಿ ಹೆಚ್ಚು ಒಳ್ಳೆಯ ಉತ್ತರ ಬರುತ್ತದೆ.

ಭೇಟಿಗೆ ಅನುಮತಿ ಕೇಳುವ ಪತ್ರ ಯಾರಿಗೆ, ಹೇಗೆ ಬರೆಯಬೇಕು?

ಸೆಂಟರಿನ ಕಮಾಂಡೆಂಟ್ ಅವರ ಹೆಸರಿಗೆ, ಇಂಗ್ಲಿಷಿನಲ್ಲಿ ಅಥವಾ ಹಿಂದಿಯಲ್ಲಿ, ಒಂದು ಪುಟ ಮೀರದಂತೆ ಬರೆಯಿರಿ. ಅಜ್ಜನ ಸಂಖ್ಯೆ, ದರ್ಜೆ, ಹೆಸರು, ಬೆಟಾಲಿಯನ್ನು, ಸೇವಾ ಅವಧಿ ಮೊದಲ ಸಾಲಿನಲ್ಲೇ ಬರಲಿ. ಬರುವವರ ಹೆಸರು, ವಯಸ್ಸು, ಸಂಬಂಧ, ಆಧಾರ್ ಪ್ರತಿ, ವಾಹನದಲ್ಲಿ ಬರುವುದಾದರೆ ಅದರ ನಂಬರು, ನಿಮಗೆ ಅನುಕೂಲವಾದ ಎರಡು ಮೂರು ದಿನಾಂಕಗಳು ಇರಲಿ. ಏನು ನೋಡಬೇಕೆಂದಿದ್ದೀರಿ ಎಂಬುದನ್ನು ಸ್ಪಷ್ಟವಾಗಿ, ಸಣ್ಣದಾಗಿ ಕೇಳಿ. ಯುದ್ಧಸ್ಮಾರಕಕ್ಕೆ ಹೂವಿಟ್ಟು, ಮ್ಯೂಸಿಯಂ ನೋಡಿ, ಪರೇಡ್ ಗ್ರೌಂಡನ್ನು ದೂರದಿಂದ ನೋಡಿ ಬರುತ್ತೇವೆ ಎಂಬ ಕೋರಿಕೆಗೆ ಒಪ್ಪುವುದು ಅವರಿಗೂ ಸುಲಭ. ಇಡೀ ಕ್ಯಾಂಪಸ್ ಸುತ್ತಬೇಕು, ವಿಡಿಯೋ ಮಾಡಬೇಕು ಎಂದರೆ ಆಗುವ ಕೆಲಸವೂ ಕೆಡುತ್ತದೆ.

ಈ ಪತ್ರವನ್ನು ಸೈನಿಕ ಕಲ್ಯಾಣ ಇಲಾಖೆಯ ಕಚೇರಿಯ ಶಿಫಾರಸಿನೊಂದಿಗೆ ಕಳುಹಿಸಿದರೆ ಬಲ ಹೆಚ್ಚು. ಅದೇ ರೆಜಿಮೆಂಟಿನಿಂದ ನಿವೃತ್ತರಾದ ಸುಬೇದಾರ್ ಸಾಹೇಬರೊಬ್ಬರು ನಿಮ್ಮ ತಾಲ್ಲೂಕಿನಲ್ಲಿದ್ದರೆ ಅವರನ್ನು ಕಂಡು ಮಾತನಾಡಿ, ಸಾಧ್ಯವಾದರೆ ಜೊತೆಗೇ ಕರೆದುಕೊಂಡು ಹೋಗಿ. ಬೇಲೂರು, ಅರಕಲಗೂಡು, ಮೂಡಿಗೆರೆಯಂಥ ಊರುಗಳಲ್ಲಿ ಮಾಜಿ ಸೈನಿಕರನ್ನು ಕೇಳಿದರೆ ಅಂಥವರೊಬ್ಬರ ಸುಳಿವು ಸಿಕ್ಕೇ ಸಿಗುತ್ತದೆ.

ಎಷ್ಟು ಮೊದಲು ಬರೆಯಬೇಕು? ಯಾವ ಸಮಯ ಒಳ್ಳೆಯದು?

ಕನಿಷ್ಠ ಎರಡು ತಿಂಗಳು ಮೊದಲು. ಜನವರಿ 26, ಆಗಸ್ಟ್ 15ರ ಆಸುಪಾಸಿನ ದಿನಗಳಲ್ಲಿ ಭದ್ರತೆ ಬಿಗಿಯಾಗಿರುವುದರಿಂದ ಆಗ ಕೇಳಬೇಡಿ. ಗಡಿಯಲ್ಲಿ ಪರಿಸ್ಥಿತಿ ಬಿಸಿಯಾದರೆ ಕೊಟ್ಟ ಅನುಮತಿಯೂ ರದ್ದಾಗುತ್ತದೆ, ಅದಕ್ಕೆ ಬೇಸರಪಟ್ಟುಕೊಂಡು ಫಲವಿಲ್ಲ. ಕಾಫಿ ಕೊಯ್ಲು ಮುಗಿದು ಕೈ ಬಿಡುವಾಗುವ ಮಾರ್ಚ್, ಏಪ್ರಿಲ್ ನಮ್ಮವರಿಗೂ ಅನುಕೂಲ. ರೆಜಿಮೆಂಟಿನ ಸ್ಥಾಪನಾ ದಿನವಾದ ರೈಸಿಂಗ್ ಡೇ ಅಥವಾ ಹಳೆಯ ಸೈನಿಕರ ರಿಯೂನಿಯನ್ ಇರುವ ವರ್ಷವಾದರೆ ಅದಕ್ಕಿಂತ ಒಳ್ಳೆಯ ಸಂದರ್ಭವಿಲ್ಲ: ಎಲ್ಲರೂ ಒಟ್ಟಿಗೆ ಉಣ್ಣುವ ಬಡಾ ಖಾನಾದ ಸಾಲಿನಲ್ಲಿ ಕೂತಾಗ, ಅಜ್ಜನೊಂದಿಗೆ ಒಂದೇ ಬ್ಯಾರಕ್ಕಿನಲ್ಲಿ ಮಲಗುತ್ತಿದ್ದವರು ಪಕ್ಕದಲ್ಲೇ ಸಿಕ್ಕರೂ ಸಿಗಬಹುದು.

ಗೇಟಿನಲ್ಲಿ ಏನು ನಡೆಯುತ್ತದೆ?

ಗೇಟಿನಲ್ಲಿ ಮೊದಲು ಮಾತನಾಡಿಸುವವರು ಸಂತರಿ ಅಥವಾ ಕೆಂಪು ಟೋಪಿಯ ಮಿಲಿಟರಿ ಪೊಲೀಸರು. ಅನುಮತಿ ಪತ್ರದ ಮುದ್ರಿತ ಪ್ರತಿ ಮತ್ತು ಪ್ರತಿಯೊಬ್ಬರ ಮೂಲ ಗುರುತಿನ ಚೀಟಿ ಕೈಯಲ್ಲೇ ಇರಲಿ. ಮೊಬೈಲಿನಲ್ಲಿ ತೋರಿಸುತ್ತೇನೆ ಎಂದರೆ ಆ ಮೊಬೈಲನ್ನೇ ಮೊದಲು ಇಸಿದುಕೊಳ್ಳಬಹುದು. ರಿಜಿಸ್ಟರಿನಲ್ಲಿ ಹೆಸರು ಬರೆಸಿ, ಒಳಗಿಂದ ಒಬ್ಬರು ಬಂದು ಕರೆದೊಯ್ಯುವವರೆಗೆ ರಿಸೆಪ್ಷನ್ನಿನಲ್ಲಿ ಕೂರಿಸುತ್ತಾರೆ. ಆ ಕಾಯುವಿಕೆ ಅರ್ಧ ಗಂಟೆಯೂ ಆಗಬಹುದು, ಎರಡು ಗಂಟೆಯೂ ಆಗಬಹುದು. ವಯಸ್ಸಾದ ಅಜ್ಜಿಯನ್ನು ಕರೆದುಕೊಂಡು ಹೋಗುವವರು ಔಷಧಿ, ನೀರು, ವೆಲ್ಲಿಂಗ್ಟನ್ ಆದರೆ ಸ್ವೆಟರು ಹತ್ತಿರವೇ ಇಟ್ಟುಕೊಂಡಿರಬೇಕು, ಏಕೆಂದರೆ ಕಾರನ್ನು ಹೊರಗೆ ನಿಲ್ಲಿಸಬೇಕಾಗಬಹುದು.

ಒಳಗೆ ಹೋದ ಮೇಲೆ ಜೊತೆಗಿರುವವರು ನಡೆದ ದಾರಿಯಲ್ಲೇ ನಡೆಯಿರಿ. ಕಾವಲು ಪಡೆ ಇರುವ ಕ್ವಾರ್ಟರ್ ಗಾರ್ಡಿನ ಮುಂದೆ ಹರಟೆ ಹೊಡೆಯುತ್ತ ನಿಲ್ಲಬಾರದು, ಪರೇಡ್ ಗ್ರೌಂಡನ್ನು ಅಡ್ಡಹಾದಿಯೆಂದು ದಾಟಬಾರದು. ಸರ್ವ ಧರ್ಮ ಸ್ಥಳ ಎಂದು ಕರೆಯುವ ಪ್ರಾರ್ಥನಾ ಮಂದಿರಕ್ಕೆ ಹೋಗಲು ಕೇಳಿದರೆ ಸಾಮಾನ್ಯವಾಗಿ ಒಪ್ಪುತ್ತಾರೆ.

ಫೋಟೋ ತೆಗೆಯಬಹುದೇ?

ಜೊತೆಗಿರುವ ಸಿಬ್ಬಂದಿ ಇಲ್ಲಿ ತೆಗೆಯಿರಿ ಎಂದು ಹೇಳಿದ ಕಡೆ ಮಾತ್ರ. ಸೇನಾ ನೆಲೆಗಳು 1923ರ ಅಫಿಷಿಯಲ್ ಸೀಕ್ರೆಟ್ಸ್ ಕಾಯ್ದೆಯಡಿ ನಿಷೇಧಿತ ಸ್ಥಳಗಳು. ಹೊರಗಿನ ರಸ್ತೆಯಲ್ಲಿ ನಿಂತು ಗೇಟಿನ ಮುಂದೆ ಸೆಲ್ಫಿ ತೆಗೆದರೂ ವಿಚಾರಣೆ ಎದುರಿಸಬೇಕಾದೀತು. ಅನುಮತಿಯಿಂದ ತೆಗೆದ ಫೋಟೋವನ್ನು ಕೂಡ ಯೂನಿಟ್ಟಿನ ಹೆಸರು, ಜಾಗದ ವಿವರ ಹಾಕಿ ಫೇಸ್‌ಬುಕ್ಕಿಗೆ ಏರಿಸಬೇಡಿ.

ನಮ್ಮಲ್ಲಿ ಕ್ಯಾಂಟೀನ್ ಕಾರ್ಡ್ ಮತ್ತು ಇಸಿಎಚ್‌ಎಸ್ ಕಾರ್ಡ್ ಇದೆ. ಅದು ಸಾಲದೇ?

ಸಾಲದು. ಅವು ಕ್ಯಾಂಟೀನಿಗೆ ಮತ್ತು ಆಸ್ಪತ್ರೆಗೆ ಹೋಗಲು ಇರುವಂಥವು. ಗುರುತಿನ ಪುರಾವೆಯಾಗಿ ಉಪಯೋಗಕ್ಕೆ ಬರುತ್ತವೆ, ಆದ್ದರಿಂದ ತೆಗೆದುಕೊಂಡು ಹೋಗಿ.

ಮೊಮ್ಮಗ ಅಮೆರಿಕದಲ್ಲಿದ್ದಾನೆ, ಅಲ್ಲಿಯ ಪೌರತ್ವ ಪಡೆದಿದ್ದಾನೆ. ಅವನೂ ಬರಬಹುದೇ?

ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಒಸಿಐ ಕಾರ್ಡು ಇದ್ದರೂ ಅವನು ವಿದೇಶಿ ಪ್ರಜೆಯೇ. ಅಂಥವರಿಗೆ ಸೆಂಟರಿನ ಮಟ್ಟದಲ್ಲಿ ಒಪ್ಪಿಗೆ ಕೊಡಲು ಬರುವುದಿಲ್ಲ, ಮೇಲಿನ ಕಚೇರಿಗಳ ಭದ್ರತಾ ಅನುಮತಿ ಬೇಕು, ಅದಕ್ಕೆ ತಿಂಗಳುಗಳು ಹಿಡಿಯುತ್ತವೆ. ರಜೆಗೆ ಬಂದ ಮೇಲೆ ಓಡಾಡಿದರೆ ಆಗದು. ಈ ವಿಷಯವನ್ನು ಮುಚ್ಚಿಟ್ಟು ಗುಂಪಿನೊಂದಿಗೆ ಗೇಟಿಗೆ ಕರೆದುಕೊಂಡು ಹೋದರೆ ಎಲ್ಲರ ಭೇಟಿಯೂ ನಿಂತುಹೋಗುತ್ತದೆ.

ಅನುಮತಿ ಸಿಗಲಿಲ್ಲ. ಬೇರೆ ಏನು ನೋಡಬಹುದು?

ಬೆಂಗಳೂರಿನ ರಾಷ್ಟ್ರೀಯ ಸೈನಿಕ ಸ್ಮಾರಕ ಉದ್ಯಾನದಲ್ಲಿ ನಿಲ್ಲಿಸಿರುವ ಎತ್ತರದ ಏಕಶಿಲಾ ವೀರಗಲ್ಲನ್ನು, ಬ್ರಿಗೇಡ್ ರಸ್ತೆಯಲ್ಲಿರುವ ಮದ್ರಾಸ್ ಸ್ಯಾಪರ್ಸ್ ಯುದ್ಧಸ್ಮಾರಕವನ್ನು ಯಾರು ಬೇಕಾದರೂ ನೋಡಬಹುದು. ಹೊಯ್ಸಳರ ನಾಡಿನವರಾದ ನಮಗೆ, ಊರ ಬಾಗಿಲಲ್ಲಿ, ಕೆರೆ ಏರಿಯ ಮೇಲೆ ವೀರಗಲ್ಲು ಕಂಡು ಬೆಳೆದವರಿಗೆ, ಆ ಮೊದಲನೆಯದರ ಮುಂದೆ ಯಾರೂ ಏನನ್ನೂ ವಿವರಿಸಬೇಕಾಗಿಲ್ಲ. ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯನವರ ಮನೆ ಸನ್ನಿ ಸೈಡ್ 2021ರಿಂದ ಮ್ಯೂಸಿಯಂ ಆಗಿದೆ. ಅರಕಲಗೂಡು, ಸಕಲೇಶಪುರದ ಕಡೆಯವರು ಒಂದೇ ದಿನದಲ್ಲಿ ಹೋಗಿ ಬರಬಹುದು. ನೌಕಾಪಡೆಯವರ ಮನೆಯಾದರೆ ಕಾರವಾರದ ಕಡಲತೀರದಲ್ಲಿರುವ ಚಾಪಲ್ ಯುದ್ಧನೌಕೆ ಮ್ಯೂಸಿಯಂ, ವಾಯುಪಡೆಯವರಾದರೆ ಬೆಂಗಳೂರಿನ ಎಚ್‌ಎಎಲ್ ಮ್ಯೂಸಿಯಂ, ಟ್ಯಾಂಕ್ ದಳದವರಾದರೆ ಮಹಾರಾಷ್ಟ್ರದ ಅಹಮದ್‌ನಗರದ (ಈಗಿನ ಅಹಿಲ್ಯಾನಗರ) ಟ್ಯಾಂಕ್ ಮ್ಯೂಸಿಯಂ ಸಾರ್ವಜನಿಕರಿಗೆ ತೆರೆದಿವೆ.

ಸೇವೆಯಲ್ಲಿರುವಾಗಲೇ ತೀರಿಕೊಂಡವರ ಮನೆ ನಮ್ಮದು. ನಮಗೆ ಬೇರೆ ದಾರಿ ಇದೆಯೇ?

ಇದೆ. ವೀರನಾರಿಯರ, ಅಂದರೆ ಮಡಿದ ಸೈನಿಕರ ಪತ್ನಿಯರ, ಮತ್ತು ಅವರ ಮಕ್ಕಳ ಪತ್ರಕ್ಕೆ ಪಲ್ಟನ್ನೇ ನೇರವಾಗಿ ಉತ್ತರಿಸುತ್ತದೆ. ಈ ಒಂದು ಸಂದರ್ಭದಲ್ಲಿ ಸೆಂಟರಿನ ಜೊತೆಗೆ ಬೆಟಾಲಿಯನ್ನಿಗೂ ಬರೆಯಿರಿ. ಸ್ವಾತಂತ್ರ್ಯಾನಂತರ ಯುದ್ಧ ಮತ್ತು ಕಾರ್ಯಾಚರಣೆಗಳಲ್ಲಿ ಪ್ರಾಣ ಕೊಟ್ಟವರ ಹೆಸರುಗಳನ್ನು ದೆಹಲಿಯಲ್ಲಿ 2019ರ ಫೆಬ್ರುವರಿ 25ರಂದು ಉದ್ಘಾಟನೆಯಾದ ರಾಷ್ಟ್ರೀಯ ಯುದ್ಧಸ್ಮಾರಕದ ತ್ಯಾಗ ಚಕ್ರದ ಗೋಡೆಗಳಲ್ಲಿ ಕೆತ್ತಲಾಗಿದೆ. ಪ್ರವೇಶ ಉಚಿತ. ಹೆಸರು ಯಾವ ಗೋಡೆಯಲ್ಲಿದೆ ಎಂಬುದನ್ನು ಸ್ಮಾರಕದ ಜಾಲತಾಣದಲ್ಲಿ ಮೊದಲೇ ಹುಡುಕಿ ಬರೆದಿಟ್ಟುಕೊಂಡು ಹೋಗಿ, ಸಾವಿರಾರು ಹೆಸರುಗಳ ನಡುವೆ ಬಿಸಿಲಿನಲ್ಲಿ ಅಲೆದಾಡುವುದು ವಯಸ್ಸಾದವರಿಗೆ ಕಷ್ಟ.

ಅವರು ಹೋರಾಡಿದ ಜಾಗವನ್ನೇ ನೋಡಬೇಕು ಎಂದರೆ?

ಹಿಂದೆ ಇದು ಕಷ್ಟವಿತ್ತು, ಈಗ ಸುಲಭವಾಗುತ್ತಿದೆ. ದ್ರಾಸ್‌ನ ಕಾರ್ಗಿಲ್ ಯುದ್ಧಸ್ಮಾರಕ ಮತ್ತು ಜೈಸಲ್ಮೇರ್ ಬಳಿಯ ಲೋಂಗೆವಾಲಾ ಹಲವು ವರ್ಷಗಳಿಂದ ಸಾರ್ವಜನಿಕರಿಗೆ ತೆರೆದಿವೆ. 2025ರ ಜನವರಿಯಲ್ಲಿ ಸರ್ಕಾರ ಭಾರತ್ ರಣಭೂಮಿ ದರ್ಶನ ಎಂಬ ಯೋಜನೆಯಡಿ ಇಂಥ ಅನೇಕ ಯುದ್ಧಭೂಮಿಗಳ ವಿವರ ಮತ್ತು ಪರವಾನಗಿಯ ಮಾಹಿತಿಯನ್ನು ಒಂದೇ ಜಾಲತಾಣಕ್ಕೆ ತಂದಿದೆ. ತವಾಂಗ್ ಕಡೆಗೆ ಹೋಗಲು ಅರುಣಾಚಲದ ಇನ್ನರ್ ಲೈನ್ ಪರ್ಮಿಟ್ ಬೇಕು.

ಹೊರದೇಶದಲ್ಲಿ, ಎರಡು ಮಹಾಯುದ್ಧಗಳಲ್ಲಿ ತೀರಿಕೊಂಡವರಿದ್ದರೆ ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗದ ಜಾಲತಾಣದಲ್ಲಿ ಹೆಸರು ಹುಡುಕಬಹುದು. ಮೆಸಪೊಟೇಮಿಯದವರು ಬಸ್ರಾ ಸ್ಮಾರಕದಲ್ಲಿ, ಬರ್ಮಾದವರು ರಂಗೂನ್ ಸ್ಮಾರಕದಲ್ಲಿ, ಮಲಯದವರು ಸಿಂಗಪುರದ ಕ್ರಾಂಜಿಯಲ್ಲಿ ದಾಖಲಾಗಿರುತ್ತಾರೆ. ಕಾಗುಣಿತವನ್ನು ಬದಲಿಸಿ ಬದಲಿಸಿ ಹುಡುಕಬೇಕು, ಅಥವಾ ಸೈನಿಕ ಸಂಖ್ಯೆಯಿಂದಲೇ ಹುಡುಕಬೇಕು.

ಮನೆಯಲ್ಲಿ ಕೇಳಿದ ಕತೆಗೂ ಸಿಕ್ಕಿದ ದಾಖಲೆಗೂ ಹೊಂದಿಕೆಯಾಗುತ್ತಿಲ್ಲ. ಏನು ಮಾಡುವುದು?

ಇದು ಬಹಳ ಮನೆಗಳಲ್ಲಿ ಆಗುತ್ತದೆ. ಕ್ಯಾಪ್ಟನ್ ಎಂದು ಊರೆಲ್ಲ ಕರೆಯುತ್ತಿದ್ದ ಅಜ್ಜ ದಾಖಲೆಯಲ್ಲಿ ಸುಬೇದಾರ್ ಎಂದಿದ್ದರೆ ಎರಡೂ ನಿಜವಿರಬಹುದು: ಆಯ್ದ ಜೂನಿಯರ್ ಕಮಿಷನ್ಡ್ ಅಧಿಕಾರಿಗಳಿಗೆ ಗಣರಾಜ್ಯೋತ್ಸವ, ಸ್ವಾತಂತ್ರ್ಯೋತ್ಸವದ ಸಂದರ್ಭದಲ್ಲಿ ಗೌರವ ಲೆಫ್ಟಿನೆಂಟ್, ಗೌರವ ಕ್ಯಾಪ್ಟನ್ ಪದವಿ ಕೊಡುವ ಪದ್ಧತಿಯಿದೆ. ಯುದ್ಧ ಮಾಡಿದರು ಎಂದು ಕೇಳಿದ್ದು, ದಾಖಲೆಯಲ್ಲಿ ಅಡುಗೆಯವರೆಂದೋ ಚಾಲಕರೆಂದೋ ಇದ್ದರೆ ಅದೂ ಸುಳ್ಳಲ್ಲ. ಗುಂಡಿನ ಸದ್ದು ಕೇಳುವ ದೂರದಲ್ಲಿ ಲಂಗರ್ ನಡೆಸಿದವರೂ, ರಾತ್ರಿ ದೀಪ ಆರಿಸಿ ಲಾರಿ ಓಡಿಸಿದವರೂ ಯುದ್ಧದಲ್ಲೇ ಇದ್ದವರು. ಬಿಡುಗಡೆಯ ಕಾರಣದ ಜಾಗದಲ್ಲಿ ಮನೆಯವರಿಗೆ ನೋವಾಗುವ ಸಂಗತಿ ಬರೆದಿದ್ದರೆ, ಅದನ್ನು ಅಜ್ಜಿಯ ಮುಂದೆ ಗಟ್ಟಿಯಾಗಿ ಓದುವ ಅಗತ್ಯವಂತೂ ಇಲ್ಲ.

ಹಾಸನದಿಂದ ವೆಲ್ಲಿಂಗ್ಟನ್‌ಗೆ ಹೋಗುವ ದಾರಿ ಹೇಗೆ?

ಹೊಳೆನರಸೀಪುರ, ಕೆ.ಆರ್. ನಗರ, ಮೈಸೂರು, ಗುಂಡ್ಲುಪೇಟೆ, ಬಂಡೀಪುರದ ಮೂಲಕ ಊಟಿ, ಅಲ್ಲಿಂದ ಕೂನೂರಿನ ದಾರಿಯಲ್ಲಿ ವೆಲ್ಲಿಂಗ್ಟನ್. ಬಂಡೀಪುರದ ಕಾಡಿನ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. 2024ರ ಮೇ ತಿಂಗಳಿನಿಂದ ನೀಲಗಿರಿಗೆ ಹೋಗುವ ಹೊರಗಿನ ವಾಹನಗಳಿಗೆ ಇ-ಪಾಸ್ ಬೇಕಾಗಿದೆ. ಬೆಳಗಾವಿಗೆ ಹೋಗುವವರಿಗೆ ಅರಸೀಕೆರೆ ಅಥವಾ ಬೀರೂರಿನಿಂದ ರೈಲು ಹಿಡಿಯುವುದೇ ಸುಖ.

ಅಜ್ಜನ ಫೋಟೋ, ಪದಕಗಳನ್ನು ರೆಜಿಮೆಂಟಿನ ಮ್ಯೂಸಿಯಂಗೆ ಕೊಡಬಹುದೇ?

ಕೇಳಿ ನೋಡಬಹುದು. ಗುಂಪು ಫೋಟೋಗಳು, ತರಬೇತಿಯ ಕಾಲದ ನೋಟ್‌ಬುಕ್ಕುಗಳು, ಊರಿಗೆ ಬರೆದ ಪತ್ರಗಳು ಪದಕಗಳಿಗಿಂತ ಹೆಚ್ಚು ಸ್ವಾಗತಾರ್ಹವಾಗುತ್ತವೆ, ಏಕೆಂದರೆ ಪದಕಗಳು ಅಲ್ಲಿ ಈಗಾಗಲೇ ಸಾಕಷ್ಟಿರುತ್ತವೆ. ಕೊಡುವ ಮೊದಲು ಫೋಟೋದಲ್ಲಿರುವವರ ಹೆಸರು, ವರ್ಷ, ಜಾಗವನ್ನು ಬೇರೆ ಹಾಳೆಯಲ್ಲಿ ಬರೆದು ಜೊತೆಗಿಡಿ, ಫೋಟೋದ ಹಿಂದೆ ಬಾಲ್‌ಪೆನ್ನಿನಿಂದ ಬರೆಯಬೇಡಿ. ಮನೆಯಲ್ಲಿ ಅಣ್ಣತಮ್ಮಂದಿರೆಲ್ಲರ ಒಪ್ಪಿಗೆ ಪಡೆದು, ಎಲ್ಲವನ್ನೂ ಸ್ಕ್ಯಾನ್ ಮಾಡಿಸಿಕೊಂಡು, ಕೊಟ್ಟದ್ದಕ್ಕೆ ಸೆಂಟರಿನ ಮುದ್ರೆಯಿರುವ ಸ್ವೀಕೃತಿ ಪತ್ರ ಪಡೆದುಕೊಂಡು ಬನ್ನಿ.